ಹುಳದ ಮನೆಯಲ್ಲಿ ಓಲೆ ಗಂಗಿ

ಚಿತ್ರಕಥೆಯ ಪುಸ್ತಕ ಬಿಚ್ಚುವ ಮೊದಲು ನನ್ನ ಅಕ್ಕ ಎರಡೂ ಕೈಗಳನ್ನು ದಾವಣಿಗೆ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಒಂದು ಚೌಕದ ಮಾತು ಓದಿ, ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು ಬರುವ ಹಾಗೆ ಪುಸ್ತಕವನ್ನು ಎಲ್ಲರ ಮುಂದೆ ಒಂದು ಸುತ್ತು ತಿರುಗಿಸುತ್ತಿದ್ದಳು. ಎಲ್ಲರೂ ನೋಡಿದ ಮೇಲೆಯೇ ಮುಂದಿನ ಚೌಕ. ಯಾರಾದರೂ ತಲೆ ಎತ್ತದೆ ಸೊಪ್ಪು ಹೆಚ್ಚುತ್ತ ಕೂತಿದ್ದರೆ, "ದೊಡ್ಡವ್ವ, ಕಣ್ಣ ಇತ್ತಾಗ್ ಬುಡಿ. ಗಂಗಿ ಮೊಕ ನೋಡ್ದೆ ಬರೀ ಮಾತು ಕೇಳಿದ್ರೆ ಏನ್ ಬಂತು?" ಎನ್ನುತ್ತಿದ್ದಳು.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮೂರು ಚಾಮರಾಜನಗರದ ಹತ್ತಿರದ ಹರದನಹಳ್ಳಿ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳದ ಮನೆ. ಹುಳದ ಮನೆಯೆಂದರೆ ರೇಷ್ಮೆ ಹುಳ ಸಾಕುವ ಉದ್ದನೆಯ ಹೆಂಚಿನ ಕೋಣೆ. ಒಳಗೆ ಸಾಲಾಗಿ ಬಿದಿರಿನ ತಟ್ಟೆಗಳು, ಬಾಗಿಲ ಬಳಿ ಹೆಂಗಸರು ಕೂತು ಸೊಪ್ಪು ಹೆಚ್ಚುವ ಜಾಗ. ಎಳೆಯ ಹುಳಗಳಿಗೆ ಎಲೆಯನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿ ಹಾಕಬೇಕು. ಬೇಸರದ ಕೆಲಸ. ಅಕ್ಕನ ಓದು ಅಲ್ಲಿಯೇ ನಡೆಯುತ್ತಿದ್ದದ್ದು.

ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು. ಅವಳ ಹೆಸರು ಬರೆಯುವುದಿಲ್ಲ. ಗುಂಡ್ಲುಪೇಟೆಯಲ್ಲಿ ಅವಳ ತಿಥಿಯ ದಿನ ನಾನು ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದೆ. ನಮ್ಮೂರಿನಿಂದ ಬಂದಿದ್ದ ಇಬ್ಬರು ಹೆಂಗಸರು ಎಲೆಯ ಮುಂದೆ ಕೂತು ಮಾತಾಡಿಕೊಳ್ಳುತ್ತಿದ್ದರು.

"ಓದೋದು ಅಂದ್ರೆ ಅವಳೇ ಕಣವ್ವ. ಕಣ್ಣಲ್ಲಿ ನೀರು ಬರಂಗೆ ಓದೋಳು."

"ಓದೋಳೇನೋ ಸರಿ. ಹೊರಗಾಗಿದ್ದಾಗ ಹುಳದ ಮನೇಗ್ ಓಗಿ ಬೆಳೆ ಕಳೆದೋಳೂ ಅವಳೇ ಅಲ್ವಾ?"

ನಾನು ಕೇಳಿಸಿಕೊಂಡೆ. ಸಾರು ಬಡಿಸಿ ಮುಂದಿನ ಎಲೆಗೆ ಹೋದೆ. ಆ ಬೆಳೆ ಕಳೆದದ್ದು ಅಕ್ಕನಲ್ಲ, ನಾನು. ಮೂವತ್ತು ವರ್ಷ ಹೇಳಲಿಲ್ಲ. ಅವಳ ತಿಥಿಯ ಪಂಕ್ತಿಯಲ್ಲೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಪುಸ್ತಕದ ಹೆಸರು 'ಓಲೆಯ ಗಂಗಾ'. ತಿಂಗಳಿಗೊಂದು ಚಾಮರಾಜನಗರದ ಬಸ್ ಸ್ಟ್ಯಾಂಡಿನ ಅಂಗಡಿಗೆ ಬರುತ್ತಿತ್ತು. ಒರಟು ಕಾಗದ, ಕೆಂಪು ಮತ್ತು ಕಪ್ಪು ಎರಡೇ ಬಣ್ಣ. ಕೆಂಪು ಗೆರೆ ಮೀರಿ ಹರಡಿ ಗಂಗೆಯ ಕೆನ್ನೆಯೆಲ್ಲ ಯಾರೋ ಹೊಡೆದ ಹಾಗೆ ಕಾಣುತ್ತಿತ್ತು. ಯಾವುದೋ ಕಾಲದ ಯಾವುದೋ ರಾಜ್ಯದಲ್ಲಿ ಅವಳು ಓಲೆ ಮುಟ್ಟಿಸುವ ಹುಡುಗಿ. ಓಲೆಯನ್ನು ತುರುಬಿನೊಳಗೆ ಸಿಕ್ಕಿಸಿಕೊಂಡು ಕಾಡು ಹೊಳೆ ದಾಟಿ ಹೋಗುವವಳು. ಜೊತೆಗೆ ಕಿವಿ ಹರಿದ ಒಂದು ನಾಯಿ, ಕರಿಯ. ಹಿಂದೆ ಬಿದ್ದಿರುವವನು ಒಬ್ಬ ಸರದಾರ. ಪ್ರತಿ ಸಂಚಿಕೆಯೂ ಯಾರದಾದರೂ ಕುತ್ತಿಗೆಯ ಹತ್ತಿರ ಕತ್ತಿ ಬಂದ ಜಾಗದಲ್ಲಿ ಮುಗಿಯುತ್ತಿತ್ತು. ನಮ್ಮ ಹೆಂಗಸರ ಬಾಯಲ್ಲಿ ಅವಳು ಓಲೆ ಗಂಗಿ.

ಮಕ್ಕಳ ಪುಸ್ತಕ ಅದು. ಆದರೆ ಅದಕ್ಕೆ ಅತ್ತವರು ಮೊಮ್ಮಕ್ಕಳಿದ್ದ ಹೆಂಗಸರು. ಪಕ್ಕದ ಮನೆಯ ಚಿಕ್ಕತಾಯಮ್ಮನಂತೂ ಎಲೆಅಡಿಕೆ ಚೀಲವಿಲ್ಲದೆ ಒಂದು ಗಳಿಗೆ ಇರುವವಳಲ್ಲ. ಹೊಗೆಸೊಪ್ಪಿನ ವಾಸನೆ ಹುಳಗಳಿಗೆ ಆಗುವುದಿಲ್ಲ. ಗಂಗಿಗಾಗಿ ಚೀಲವನ್ನು ಬಾಗಿಲಾಚೆ ಮೊಳೆಗೆ ತೂಗುಹಾಕಿ, ಬಾಯಿ ಮುಕ್ಕಳಿಸಿ ಒಳಗೆ ಬರುತ್ತಿದ್ದಳು. ಸರದಾರನ ಚಿತ್ರ ಬಂದಾಗೆಲ್ಲ, "ನಿನ್ನ ಮನೆ ಹಾಳಾಗ" ಎಂದು ಪುಸ್ತಕಕ್ಕೇ ಬಯ್ಯುತ್ತಿದ್ದಳು.

ಒಂದು ತಿಂಗಳು ಕರಿಯ ಹೊಳೆಗೆ ಬಿದ್ದ. ಬೆನ್ನಿಗೆ ಬಾಣ ನಾಟಿತ್ತು. ಕೊನೆಯ ಚೌಕದಲ್ಲಿ ನೀರಿನ ಮೇಲೆ ಬರೀ ಗುಳ್ಳೆಗಳು. ಅಕ್ಕ ಆ ಪುಟವನ್ನು ತಿರುಗಿಸಿ ತೋರಿಸಿದಾಗ ಚಿಕ್ಕತಾಯಮ್ಮ ಕುಡುಗೋಲು ಕೆಳಗಿಟ್ಟು ಎದ್ದುಹೋದಳು. ಹನ್ನೊಂದನೆಯ ದಿನ ತನ್ನ ಮನೆ ಅಂಗಳದಲ್ಲಿ ಬಾಳೆಲೆ ಹಾಕಿ, ಮುದ್ದೆ, ಬಾಡಿನ ಸಾರು ಬಡಿಸಿ, ತೀರಿಕೊಂಡವರಿಗೆ ಇಡುವ ಹಾಗೆ ಕರಿಯನಿಗೆ ಎಡೆ ಇಟ್ಟಳು. ಬೀದಿಯ ನಾಯಿಗಳು ಬಂದು ಒಂದೇ ಬಾಯಿಗೆ ತಿಂದವು. "ಅವನ ಕುಲದೋರೇ ಉಂಡ್ರು, ಸಾಕು" ಎಂದು ಕಣ್ಣೊರೆಸಿಕೊಂಡಳು.

ಮುಂದಿನ ತಿಂಗಳು ಕರಿಯ ಈಜಿಕೊಂಡು ದಡ ಹತ್ತಿದ.

"ಬದುಕಿರೋನ್ಗೆ ಎಡೆ ಇಡಿಸ್ಬುಟ್ಯಲ್ಲಮ್ಮಿ!" ಚಿಕ್ಕತಾಯಮ್ಮ ಅಕ್ಕನ ಮೇಲೆಯೇ ಹರಿಹಾಯ್ದಳು. "ಈ ಪಾಪ ಯಾರ್ಗೆ? ನನಗಾ, ನಿನಗಾ?"

"ಬುಕ್ಕು ಮಾಡ್ದೋರ್ಗೆ ಬುಡಿ ದೊಡ್ಡವ್ವ."

"ಅಂಗಾರೆ ಅವ್ರ್ಗೆ ಒಂದ್ ಕಾಗದ ಬರಿ. ಇನ್ಮೇಲೆ ಕೊಲ್ಲೋಕ್ ಮುಂಚೆ ನಮಗೊಂದ್ ಮಾತು ಏಳಿ ಅನ್ನು."

ಅಕ್ಕ ಕಾರ್ಡು ಬರೆದಳು. ಎಡೆ ಇಟ್ಟದ್ದು, ಮುದ್ದೆ, ಬಾಡಿನ ಸಾರು ಎಲ್ಲವನ್ನೂ ಬರೆದಳು. ಎರಡು ತಿಂಗಳ ಮೇಲೆ ಅದು ಪುಸ್ತಕದ ಹಿಂದಿನ ಓದುಗರ ಪುಟದಲ್ಲಿ ಅಚ್ಚಾಗಿ ಬಂತು. ಚಿಕ್ಕತಾಯಮ್ಮನಿಗೆ ಓದು ಬಾರದು. ಆದರೆ ತನ್ನ ಹೆಸರು ಯಾವ ಸಾಲಿನಲ್ಲಿದೆ ಎಂದು ಅಕ್ಕನಿಂದ ತೋರಿಸಿಕೊಂಡು, ಆ ಜಾಗದ ಮೇಲೆ ಬೆರಳಿಟ್ಟು ಬೀದಿಯೆಲ್ಲ ತೋರಿಸಿ ಬಂದಳು. ಬೆರಳು ಎತ್ತಿದರೆ ಜಾಗ ಮರೆತುಹೋಗುತ್ತದೆಂದು ಎತ್ತಲೇ ಇಲ್ಲ.

ಅಕ್ಕನಿಗೆ ಒಂದು ಉಪಾಯ ಗೊತ್ತಿತ್ತು. ಕಡೆಯ ಎರಡು ಪುಟ ಉಳಿದಿರುವಾಗ ಪುಸ್ತಕ ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. "ಮಂಕರಿ ಖಾಲಿಯಾಗ್ಲಿ, ಆಮೇಲೆ." ಹೆಂಗಸರು ಬಯ್ದುಕೊಂಡೇ ಬುಟ್ಟಿಯ ಸೊಪ್ಪನ್ನು ಬೇಗ ಬೇಗ ಹೆಚ್ಚುತ್ತಿದ್ದರು. ಅಜ್ಜಿಗೆ ಈ ಓದು ಹಿಡಿಸುತ್ತಿರಲಿಲ್ಲ. ಅಪ್ಪ ಮಾತ್ರ, "ಅವ್ಳು ಓದಿದ್ ದಿನ ಎರಡು ಮಂಕರಿ ಸೊಪ್ಪು ಜಾಸ್ತಿ ಆಯ್ತದೆ ಕಣವ್ವ, ಓದ್ಲಿ ಬುಡು" ಎನ್ನುತ್ತಿದ್ದರು.

ಓದಿದ ಸಂಚಿಕೆಗಳನ್ನು ಅಕ್ಕ ಒಂದು ತಗಡಿನ ಟ್ರಂಕಿನಲ್ಲಿಟ್ಟು ಮನೆಯ ಅಟ್ಟದ ಮೇಲೆ ಜೋಪಾನ ಮಾಡಿದ್ದಳು. ಒಮ್ಮೆ ಕಾಗದ ತಿನ್ನುವ ಬೆಳ್ಳಿಹುಳ ಗಂಗೆಯ ಮೂಗು ತಿಂದುಹಾಕಿತು. ಅಕ್ಕ ಪೇಟೆಯಿಂದ ನುಸಿಗುಳಿಗೆ ತಂದು ಟ್ರಂಕಿನಲ್ಲಿ ಹಾಕಿದಳು. ಬಟ್ಟೆಗೆ ಇಡುವ ಆ ಬಿಳಿ ಗುಳಿಗೆಗಳ ವಾಸನೆ ರೇಷ್ಮೆ ಹುಳಕ್ಕೆ ವಿಷ. ಹಾಗಾಗಿ ಹಳೆಯ ಸಂಚಿಕೆ ಯಾವುದನ್ನಾದರೂ ಹುಳದ ಮನೆಯಲ್ಲಿ ಮತ್ತೆ ಓದಬೇಕೆಂದರೆ ಅದನ್ನು ಎರಡು ದಿನ ಬಿಸಿಲಿಗೆ ತಂತಿಯ ಮೇಲೆ ನೇತುಹಾಕುತ್ತಿದ್ದಳು. ಆಮೇಲೆ ತಾನೂ ಮೂಸಿ, ನನ್ನ ಮೂಗಿಗೂ ಹಿಡಿಯುತ್ತಿದ್ದಳು.

"ಮೂಸಮ್ಮಿ. ಇನ್ನೂ ಅದಾ?"

"ಚೂರು ಅದೆ ಕಣಕ್ಕ."

"ಅಂಗಾರೆ ಇನ್ನೊಂದಿನ ಇರ್ಲಿ."

ಆ ನಿಯಮ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಮೂಸುತ್ತಿದ್ದವಳೇ ನಾನು.

ನನ್ನ ಓದು ನಾಲ್ಕನೆಯ ಕ್ಲಾಸಿಗೆ ನಿಂತಿತ್ತು. ಆ ವರ್ಷ ಅವ್ವ ತೀರಿಕೊಂಡಳು. ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮನೆಯಲ್ಲಿ ಇರಬೇಕು ಎಂದು ಅಜ್ಜಿ ಹೇಳಿದಳು. ಅಕ್ಕ ಚೆನ್ನಾಗಿ ಓದುತ್ತಿದ್ದಳು, ನಾನು ಉಳಿದೆ. ಅಕ್ಕ ಹತ್ತನೆಯ ಕ್ಲಾಸು ಮುಗಿಸಿದಳು. ಅವಳಿಗೆ ಇದು ಮನಸ್ಸಿನಲ್ಲಿ ಚುಚ್ಚುತ್ತಿತ್ತೋ ಏನೋ, ನನಗೆ ಗಂಗೆಯ ಪುಸ್ತಕದಲ್ಲೇ ಓದು ಹೇಳಿಕೊಟ್ಟಳು. "ಒಂದು ಪುಟ ನೀನು ಓದು, ಮುಂದಿನ ಪುಟ ನಾನು ಓದ್ತೀನಿ" ಎನ್ನುತ್ತಿದ್ದಳು. ಮುಂದೇನಾಯಿತು ಎಂಬ ಆಸೆಗೆ ನಾನು ಒತ್ತಕ್ಷರಗಳ ಮೇಲೆ ಬಿದ್ದು ಎದ್ದು ಓದುತ್ತಿದ್ದೆ. ಈಗ ಈ ನಾಲ್ಕು ಸಾಲು ಬರೆಯುತ್ತಿರುವುದೂ ಆ ಓದಿನಿಂದಲೇ.

ಒಂದು ದಿನ ಅವಳು ಎಲ್ಲರ ಮುಂದೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. "ಇವತ್ತು ನನ್ನ ತಂಗಿ ಓದ್ತಾಳೆ." ಅವಳ ಮುಖದಲ್ಲಿ ಹೆಮ್ಮೆಯಿತ್ತು. ಗಂಗೆ ಕೋಟೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ರಾಜನಿಗೆ ವಿಷವಿಕ್ಕುವವರಿದ್ದರು, ನಾನು ಒಂದೊಂದು ಅಕ್ಷರ ಕೂಡಿಸುತ್ತಿದ್ದೆ.

"ಗಂಗಿ ಓಲೆ ಮುಟ್ಸೋ ವೊತ್ಗೆ ರಾಜನ ತಿಥಿ ಊಟಾನೇ ಮುಗ್ದಿರ್ತದೆ ಕಣಮ್ಮಿ!" ಎಂದಳು ಚಿಕ್ಕತಾಯಮ್ಮ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ತಕ್ಷಣ ದಾವಣಿಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೆ ನಾನು ನೋಡಿಬಿಟ್ಟಿದ್ದೆ. ಪುಸ್ತಕವನ್ನು ಅವಳ ಮಡಿಲಿಗೆ ಎಸೆದು ಹೊರಗೆ ಹೋದೆ. ಆ ವಾರವೆಲ್ಲ ಅವಳ ಜೊತೆ ಮಾತು ಬಿಟ್ಟೆ.

ಆ ವಾರದ ಕೊನೆಗೆ ಹುಳಗಳು ಎರಡನೆಯ ಜ್ವರದಿಂದ ಎದ್ದವು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ತಟ್ಟೆಗಳ ಕಸ ಬಳಿದು ತೆಗೆದು ಹೊಸದಾಗಿ ಕಾಗದ ಹಾಸಬೇಕು. ಚಾಮರಾಜನಗರದಿಂದ ಹಳೆಯ ಪೇಪರು ತರಲು ಅಪ್ಪ ನನ್ನನ್ನು ಕಳಿಸಿದರು. ನಾನು ಬಳೆ ಅಂಗಡಿಯ ಮುಂದೆ ಹೊತ್ತು ಕಳೆದೆ. ಹೋಗುವಷ್ಟರಲ್ಲಿ ಪೇಪರಿನ ಅಂಗಡಿ ಬಾಗಿಲು ಹಾಕಿತ್ತು. ಬರಿಗೈಯಲ್ಲಿ ಬಂದೆ. ಅಪ್ಪ ತೋಟದಲ್ಲಿದ್ದರು, ಅಕ್ಕ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಳು.

ಅಟ್ಟ ಹತ್ತಿದೆ. ಅಪ್ಪನ ಭಯ ಅರ್ಧ. ಇನ್ನರ್ಧ ಆ ನಗು. ಟ್ರಂಕಿನ ತಳದಿಂದ ಹನ್ನೆರಡು ಸಂಚಿಕೆ ತೆಗೆದು, ಪಿನ್ನು ಕಿತ್ತು, ಹಾಳೆ ಬಿಡಿಸಿ, ಗಾಳಿಗೆ ನಾಲ್ಕು ಸಲ ಒದರಿದೆ. ಮೂಸಲಿಲ್ಲ. ಮೂಸಿದರೆ ಹಾಸಲಾಗುತ್ತಿರಲಿಲ್ಲ. ಗಂಗೆಯ ಮುಖ ಮೇಲೆ ಬಂದ ಕಡೆ ಮೊದಲು ಸೊಪ್ಪು ಹಾಕಿ ಮುಚ್ಚಿದೆ. ಹುಳದ ಮನೆಯಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿಯ ನಡುವೆ ಬೇರೆ ವಾಸನೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಪೇಪರ್ ಸಿಕ್ತಾ?" ಎಂದರು ಅಪ್ಪ.

"ಹೂಂ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಳಗಳು ತಲೆ ಎತ್ತಿ ಅಲ್ಲಾಡಿಸತೊಡಗಿದವು. ಸೊಪ್ಪು ಮುಟ್ಟಲಿಲ್ಲ. ಹಸಿರು ನೀರು ಕಕ್ಕಿದವು. ಎರಡು ದಿನದಲ್ಲಿ ಮನೆ ತುಂಬ ಇದ್ದ ಹುಳಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದವು. ತಟ್ಟೆ ಬಳಿಯುವ ಕೆಲಸ ನನ್ನದೇ. ಸತ್ತ ಹುಳಗಳ ಸಮೇತ ಹಾಳೆಗಳನ್ನು ಸುತ್ತಿ ತಿಪ್ಪೆಗುಂಡಿಗೆ ಹಾಕಿ ಮೇಲೆ ಸಗಣಿ ಸುರಿದೆ.

ಅಜ್ಜಿ ಸೊಪ್ಪು ಹೆಚ್ಚುವ ಹೆಂಗಸರನ್ನೆಲ್ಲ ಕೂಡಿಸಿದಳು. ಹುಳದ ಮನೆಗೆ ಮುಟ್ಟಾದವರು ಹೋದರೆ ಬೆಳೆ ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಆ ದಿನಗಳಲ್ಲಿ ಹೊಸ್ತಿಲ ಹತ್ತಿರವೂ ಸುಳಿಯುವ ಹಾಗಿರಲಿಲ್ಲ. "ಯಾರು ಹೊರಗಾಗಿದ್ರಿ, ನಿಜ ಏಳಿ" ಎಂದಳು. ಯಾರೂ ಇರಲಿಲ್ಲ. ಆದರೆ ಅದಾದ ಮೂರನೆಯ ದಿನ ಅಕ್ಕ ಹೊರಗೆ ಕೂತಳು. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಐದು ದಿನ ತಡವಾ? ಯಾವಾಗ್ಲೂ ಇಲ್ದಿದ್ದು ಈಗ್ಯಾಕೆ? ಹೊಸ ಬುಕ್ಕು ಬಂದಿತ್ತಲ್ಲ, ಓದೋ ಆಸೆಗೆ ಮುಚ್ಚಿಟ್ಕಂಡು ಒಳಗ್ ಕೂತವ್ಳೆ."

"ಇಲ್ಲ ಕಣಜ್ಜಿ. ಮಾದಪ್ಪನಾಣೆ ಇಲ್ಲ." ಅಕ್ಕ ನನ್ನ ಕಡೆ ತಿರುಗಿದಳು. ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದವರು, ಅವಳ ದಿನ ನನಗೂ ಗೊತ್ತು. "ನೀನಾರೂ ಏಳಮ್ಮಿ. ನಿಂಗ್ ಗೊತ್ತಲ್ಲ, ನಂಗ್ ಯಾವತ್ತಾಯ್ತು ಅಂತ. ಏಳು."

ನನಗೆ ಗೊತ್ತಿತ್ತು. "ನಾನ್ ನೋಡ್ಲಿಲ್ಲ" ಎಂದೆ.

ಅಪ್ಪ ಅಟ್ಟದಿಂದ ಟ್ರಂಕು ಇಳಿಸಿ, ಇದ್ದ ಪುಸ್ತಕಗಳನ್ನೆಲ್ಲ ಅಂಗಳದಲ್ಲಿ ಸುರಿದು ಬೆಂಕಿ ಹಚ್ಚಿದರು. ಯಾರೂ ಎಣಿಸಲಿಲ್ಲ. ಹನ್ನೆರಡು ಕಡಿಮೆಯಿದ್ದದ್ದು ಯಾರಿಗೂ ತಿಳಿಯಲಿಲ್ಲ. ಚಿಕ್ಕತಾಯಮ್ಮ ಬೇಲಿಯ ಆಚೆ ನಿಂತು ನೋಡುತ್ತಿದ್ದಳು. ಅವಳ ಹೆಸರು ಅಚ್ಚಾಗಿದ್ದ ಸಂಚಿಕೆಯೂ ಅದರಲ್ಲೇ ಹೋಯಿತು.

ಅಕ್ಕ ಪುಸ್ತಕಕ್ಕೆ ಅಳಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೂತು ತಾನೂ ಬೆರಳು ಮಡಿಸಿ ಎಣಿಸುತ್ತಿದ್ದಳು. ಎಣಿಸಿ, ಬಿಟ್ಟು, ಮತ್ತೆ ಎಣಿಸುತ್ತಿದ್ದಳು. ಕೊನೆಗೆ ನನಗೆ ಹೇಳಿದಳು: "ನಂಗೇ ಗೊತ್ತಾಗ್ದಂಗೆ ಆಗೋಗಿತ್ತೇನೋ ಕಣಮ್ಮಿ. ಇಲ್ದಿದ್ರೆ ಅಷ್ಟು ಹುಳ ಸುಮ್ನೆ ಯಾಕ್ ಸಾಯ್ತವೆ?"

ನಾನು ಎದ್ದು ಖಾಲಿ ತಟ್ಟೆಗಳನ್ನು ತೊಳೆಯಲು ಹೋದೆ.

ವರ್ಷ ತುಂಬುವುದರೊಳಗೆ ಅವಳನ್ನು ಗುಂಡ್ಲುಪೇಟೆಗೆ ಮದುವೆ ಮಾಡಿಕೊಟ್ಟರು. ಭಾವ ಒಳ್ಳೆಯವರು. ಹೂವಿನ ಹೊಲ, ಸ್ವಲ್ಪ ಹಿಪ್ಪುನೇರಳೆ, ಸಣ್ಣದೊಂದು ಹುಳದ ಮನೆ ಇತ್ತು. ನಮ್ಮ ಹುಳದ ಮನೆಯಲ್ಲಿ ಸೊಪ್ಪು ಹೆಚ್ಚುವ ಸದ್ದು ಮಾತ್ರ ಉಳಿಯಿತು. ಮಂಕರಿ ಬೇಗ ಖಾಲಿಯಾಗುತ್ತಿರಲಿಲ್ಲ. ಚಿಕ್ಕತಾಯಮ್ಮ ಒಮ್ಮೆ ನನ್ನನ್ನು ಕೇಳಿದಳು, "ಗಂಗಿ ಏನಾದ್ಲಮ್ಮಿ? ಸರದಾರನ ಕೈಗೆ ಸಿಕ್ಕಾಕ್ಕಂಡ್ಲಾ?" ನನಗೆ ಗೊತ್ತಿರಲಿಲ್ಲ.

ಏಳೆಂಟು ವರ್ಷ ಕಳೆದು, ಆ ದಶಕ ಮುಗಿಯುತ್ತ ಬಂದಾಗ ಒಮ್ಮೆ ಗುಂಡ್ಲುಪೇಟೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ 'ಓಲೆಯ ಗಂಗಾ' ನೇತಾಡುತ್ತಿತ್ತು. ಒಂದು ಕೊಂಡೆ. ಅಕ್ಕ ಜಗುಲಿಯ ಒಂದು ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಮೂರು ವರ್ಷದ ಮಗಳು ದೂರದಿಂದಲೇ ಅವಳ ಜೊತೆ ಆಡುತ್ತಿದ್ದಳು.

"ಮುಟ್ಬೇಡ ಕಣಮ್ಮಿ, ಅಲ್ಲೇ ಕೂತ್ಕೊ" ಎಂದು ನನಗೂ ಹೇಳಿದಳು. ಪುಸ್ತಕ ನೋಡಿ ಮುಖ ಅರಳಿತು. ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡಳು. "ನಾನ್ ಮುಟ್ಟಂಗಿಲ್ಲ. ನೀನೇ ಓದು."

ಓದಿದೆ. ಒಂದು ಚೌಕ ಓದಿ, ತಿರುಗಿಸಿ ತೋರಿಸಿ, ಮುಂದಿನ ಚೌಕ. ಕರಿಯನ ಮೂತಿ ನೆರೆತಿತ್ತು. ಕಾಲು ಎಳೆಯುತ್ತಿತ್ತು. ಗಂಗೆ ಅವನನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತುತ್ತಿದ್ದಳು. ಈ ಸಲ ಯಾರ ಬಾಣವೂ ಇರಲಿಲ್ಲ, ಬರೀ ವಯಸ್ಸು. ಕರಿಯ ಅವಳ ಹೆಗಲ ಮೇಲೆಯೇ ಕಣ್ಣು ಮುಚ್ಚಿದ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಆಮೇಲೆ ಇಬ್ಬರಿಗೂ ನಗು ಬಂತು.

"ಎಷ್ಟು ಚೆನ್ನಾಗ್ ಓದ್ತೀಯಮ್ಮಿ! ಎಲ್ಲೂ ತಡ್ವರಿಸ್ಲೇ ಇಲ್ವಲ್ಲ" ಎಂದಳು.

ಬಾಗಿಲ ಪಕ್ಕ ಕ್ಯಾಲೆಂಡರ್ ತೂಗುಹಾಕಿತ್ತು. ಪ್ರತಿ ತಿಂಗಳೂ ಪೆನ್ಸಿಲಿನಿಂದ ಸಾಲಾಗಿ ಹತ್ತು ಹನ್ನೊಂದು ಗುರುತು. ನಾನು ನೋಡುತ್ತಿರುವುದನ್ನು ಅವಳು ಕಂಡಳು.

"ಆಗೋಕ್ ಮುಂಚೆ ನಾಲ್ಕು ದಿನ, ಆದ್ಮೇಲೆ ಒಂದೆರಡು ದಿನ ಜಾಸ್ತಿ ಕೂತ್ಬುಡ್ತೀನಿ. ಇವತ್ತೂ ಇನ್ನೂ ಆಗಿಲ್ಲ. ನನ್ನ ಮೈನ ನಾನ್ ನಂಬಕಾಗಲ್ಲ ಕಣಮ್ಮಿ. ಹುಳದ ಮನೇಗಂತೂ ಯಾವ ದಿನಾನೂ ಓಗಲ್ಲ. ಒಂದ್ಸಲ ಅಷ್ಟು ಜೀವ ತೆಗ್ದಿದ್ ಸಾಕು."

ಬಾಯಿ ತೆರೆದೆ. ಹನ್ನೆರಡು ಪುಸ್ತಕ ಎಂದು ಶುರು ಮಾಡಿದ್ದರೆ ಸಾಕಿತ್ತು. ಯಾರೂ ಬರಲಿಲ್ಲ, ಏನೂ ಅಡ್ಡ ಬರಲಿಲ್ಲ. ಅವಳು ಆಗ ತಾನೇ ನನ್ನ ಓದನ್ನು ಹೊಗಳಿದ್ದಳು. ಆ ಮುಖ ಹಾಗೆಯೇ ಇರಲಿ ಎನ್ನಿಸಿತು. "ಬಸ್ಸಿಗೆ ಹೊತ್ತಾಯ್ತು ಕಣಕ್ಕ" ಎಂದು ಎದ್ದೆ. ಪುಸ್ತಕವನ್ನು ಅವಳ ಕೈಗೆ ಸಿಗದ ಕಿಟಕಿಯ ಮೇಲಿಟ್ಟು ಬಂದೆ.

ಆಮೇಲೆ ಎಷ್ಟೋ ಸಲ ಹೋದೆ, ಬಂದೆ. ಮದುವೆ, ನಾಮಕರಣ, ಹಬ್ಬ. ಪ್ರತಿ ಸಲವೂ ಇನ್ನೊಂದು ಸಲ ಎಂದುಕೊಂಡೆ.

ಇದನ್ನು ಬರೆದು ಮುಗಿಸುವ ಮೊದಲು ಅಕ್ಕನ ಮಗಳಿಗೆ ಹೇಳಲೇಬೇಕೆಂದು ಹೋದ ವಾರ ಗುಂಡ್ಲುಪೇಟೆಗೆ ಹೋಗಿದ್ದೆ. ಈಗ ಅವಳೇ ಅಲ್ಲಿ ಹುಳ ಸಾಕುತ್ತಾಳೆ. ಎಲ್ಲವನ್ನೂ ಹೇಳಿದೆ. ಟ್ರಂಕು, ಗುಳಿಗೆ, ತಿಪ್ಪೆಗುಂಡಿ, "ನಾನ್ ನೋಡ್ಲಿಲ್ಲ" ಎಂದದ್ದು. ಅವಳು ತಲೆ ಬಗ್ಗಿಸಿ ಸೊಪ್ಪಿನ ಕಡ್ಡಿ ಮುರಿಯುತ್ತಿದ್ದಳು.

"ನಂಗ್ಯಾಕೆ ಏಳ್ತಿದೀಯ ಚಿಕ್ಕವ್ವ?" ಎಂದಳು ಕೊನೆಗೆ. "ನಂಗೇಳಿದ್ರೆ ನಾನ್ ಏನ್ ಮಾಡ್ಲಿ?"

ಅವಳೇ ಮುಂದುವರಿಸಿದಳು.

"ಅವ್ವನ್ಗೆ ಮುಟ್ಟು ನಿಂತ್ಮೇಲೂ ಒಂದ್ ವರ್ಷ ಕಾದ್ಲು, ನಿಜವಾಗ್ಲೂ ನಿಂತದಾ ಅಂತ. ಆಮೇಲೆ ಒಂದಿನ ತಲೆಗ್ ನೀರ್ ಉಯ್ಕಂಡು, ಕೈಕಾಲು ತೊಳ್ಕಂಡು, ಹುಳದ ಮನೆ ಒಳಕ್ ಬಂದ್ಲು. ಈ ಮನೇಗ್ ಬಂದ್ಮೇಲೆ ಅದೇ ಮೊದಲ್ನೇ ಸಲ. ಒಂದ್ ಮೂಲೇಲಿ ನಿಂತ್ಕಂಡು ಹುಳ ಮೇಯೋ ಸದ್ದು ಕೇಳಿದ್ಲು. ಏನೂ ಮುಟ್ಲಿಲ್ಲ. ಹೊರಟೋದ್ಲು."

ಅವಳು ಇನ್ನೊಂದು ಕಡ್ಡಿ ಮುರಿದಳು. "ಮಾರನೇ ದಿನ ಬೆಳಿಗ್ಗೆ ಎದ್ದೋಳು ಮೊದ್ಲು ಕೇಳಿದ್ದೇ, 'ಹುಳ ಬದುಕವಾ ಮಗ?' ಅಂತ. ಬದುಕವೆ ಕಣವ್ವ, ಚೆನ್ನಾಗ್ ಮೇಯ್ತಾ ಅವೆ, ಬಂದ್ ನೋಡು ಅಂದೆ. ಬರ್ನಿಲ್ಲ. ಗೂಡು ಕಟ್ಟೋಗಂಟ ದಿನಾ ಬಾಗ್ಲಾಚೆ ನಿಂತ್ಕಂಡು ಅದೊಂದ್ನೇ ಕೇಳ್ತಿದ್ಲು."